ಕೊನಿ ಇಲ್ಲದ ಕ್ಯಾಸೆಟ್

ಹಳೇ ಬಾಗಲಕೋಟಿ ಕಿಲ್ಲಾ ಓಣ್ಯಾಗ ನಮ್ಮಪ್ಪನ ವಿಡಿಯೋ ಹಾಲು.
ಹಾಲು ಅಂದ್ರ ಏನು, ಮೊದಲು ಅಲ್ಲಿ ನಾಕು ಮಗ್ಗ ಇದ್ದುವು;
ಕುಣಿ ಮುಚ್ಚಿ, ತಟ್ಟು ಹಾಸಿ, ಒಂದು ಬಣ್ಣದ ಟೀವಿ.
ಟಿಕೀಟು ಎಂಟಾಣೆ. ಕಂಬದ ಹಿಂದ ಕುಂತವರಿಗೆ ನಾಕಾಣೆ.

ಚೀನಾದ ಪಿಚ್ಚರ್ ಒಂದಿತ್ತು, ಹುಬ್ಬಳ್ಳಿಯಿಂದ ತಂದದ್ದು.
ಡಬ್ಬಿ ಮ್ಯಾಲ ಗುಬ್ಬಿಕಾಲಿನಂಥಾ ಕೆಂಪು ಅಕ್ಷರ.
ಓಣ್ಯಾಗ ಒಬ್ಬರಿಗೂ ಬರಲಾರದ ಭಾಷಾ.
ಅದಕ್ಕ ಯಮನೂರನ್ನ ಟೀವಿ ಬಾಜೂಕ ನಿಂದರಿಸಿದ ನಮ್ಮಪ್ಪ:
"ಏನರೆ ಹೇಳಲೇ, ಮಂದಿ ಎದ್ದು ಹೋಗಬಾರ್ದು."

ಯಮನೂರ ಸಿಮೆಂಟ್ ಲಾರ್ಯಾಗ ಬಂದಾಂವ.
ಜೋಡಿ ಬಂದಾಕಿ ದವಾಖಾನಿ ಕಟ್ಟಿ ಮ್ಯಾಲ ಸತ್ತಳು,
ಅವ್ವನೋ ಅಕ್ಕನೋ, ಅವಗೂ ನೆಪ್ಪಿಲ್ಲ.
ಕೂದಲದಾಗ ತೊಳದ್ರೂ ಹೋಗದ ಬೂದಿ ಬಣ್ಣ.
ಓಣಿಗೆಲ್ಲಾ ಒಂದ ಪ್ರಶ್ನಿ: "ನೀ ಯಾ ಪೈಕಿ?"
ಉತ್ತರ ಇಲ್ಲದವಗ ಚಾದಂಗಡಿ ಲಕ್ಕಪ್ಪ ಬ್ಯಾರೆ ಕಪ್ಪು ಇಟ್ಟಿದ್ದ,
ಕಿವಿ ಮುರದದ್ದು, ಜಗಲಿ ಮೂಲ್ಯಾಗ ಬೋರಲು ಬಿದ್ದದ್ದು.
ಗರಡಿಮನಿ ವಸ್ತಾದ ಒಳಗ ಬಿಡಲಿಲ್ಲ,
ಕಿಡಕ್ಯಾಗ ಇಣಿಕಿದ್ದಕ್ಕ ಚರಿಗಿ ನೀರು ಉಗ್ಗಿದ.

ಪಿಚ್ಚರದಾಗೂ ಒಬ್ಬ ಪರದೇಶಿ ಹುಡುಗ.
ತಾಯಿ ಹಿಮದಾಗ ಸಾಯತಾಳ.
ಅಪ್ಪನ ಹೆಸರೆತ್ತಿದ್ರ ಎಲ್ಲಾರೂ ನೆಲಕ್ಕ ಉಗುಳತಾರ.
ಹಣಿಗೆ ಬರಿ ಹಾಕಿ ಮಠದಿಂದ ಹೊರಗ ತಳ್ಳತಾರ,
ಕೊಳ್ಳಕ್ಕ ಬೀಳತಾನ, ಸಾಯೂದಿಲ್ಲ.
"ಹಿಮ ಅಂದ್ರ ಏನಲೇ?" ಹಿಂದಿನಿಂದ ಯಾರೋ ಒದರಿದ್ರು.
"ಸಿಮೆಂಟು," ಅಂದ ಯಮನೂರ. "ಆಕಾಶದಿಂದ ಬೀಳೂ ಸಿಮೆಂಟು."

ಬಿಳಿ ಗಡ್ಡದ ಗುರು ಕತ್ತಿ ಚಾಚಿ ಏನೋ ಕೇಳತಾನ, ಮೂರ ಶಬ್ದ.
ದಿನಾ ಯಮನೂರ "ಸಾಯಾಕ ತಯಾರಿದ್ದೇನು?" ಅಂತಿದ್ದ.
ಅವತ್ತು ರವಿವಾರ. ವಸ್ತಾದ ಮುಂದಿನ ಕುರ್ಚ್ಯಾಗ.
ಯಮನೂರ ಆ ಮೂರು ಶಬ್ದಕ್ಕ
"ನೀ ಯಾ ಪೈಕಿ?" ಅಂದ.

ಬೀಡಿ ಬಾಯಿಗೆ ಹೋಗೂದು ಅರ್ಧಕ್ಕ ನಿಂತುವು.
ಟೀವ್ಯಾಗ ಹುಡುಗ ತಲಿ ಎತ್ತಿ ಏನೋ ಹೇಳಿದ, ಭಾಳ ಉದ್ದ ಮಾತು.
ಅದನ್ನ ಯಮನೂರ ಕನ್ನಡ ಮಾಡಲಿಲ್ಲ.
ಮುಂದೂ ಯಾವತ್ತೂ ಮಾಡಲಿಲ್ಲ.

ಕಡೀ ಇಪ್ಪತ್ತು ನಿಮಿಷದ ಟೇಪು ಮಿಷಿನ್ ತಿಂದಿತ್ತು.
ಹುಡುಗ ನದಿ ದಂಡ್ಯಾಗ ಒಂದು ಕಾಲೆತ್ತಿದ್ದ ತಡ
ಟೀವಿ ತುಂಬ ಇರಬಿ, ಬರೇ ಬಿಳೀ ಇರಬಿ.
ಅಲ್ಲಿಂದ ಯಮನೂರನ ಬಾಯೇ ಪಿಚ್ಚರು.
ಸೋಮವಾರ ಹುಡುಗ ಗುರುನ್ನ ಕೊಂದ,
ಮಂಗಳವಾರ ಅದೇ ಗುರುವಿನ ಕಾಲೊತ್ತಿದ.
ಒಮ್ಮೆ ಲಗ್ನಾದ. ಒಮ್ಮೆ, ಯಮನೂರಗ ಜ್ವರ ಬಂದ ದಿನ,
ಹಸದು ಮಲಗಿದ ಅಷ್ಟ.

ಹಿನ್ನೀರು ಬರತೈತಿ ಅಂತ ಸರ್ವೇದವರು ಬಂದ್ರು.
ಗ್ವಾಡಿ ಗ್ವಾಡಿಗೆ ನಂಬರ್.
ಹಾಲಿಗೆ ಬಿತ್ತು, ಲಕ್ಕಪ್ಪನ ಅಂಗಡಿಗೆ ಬಿತ್ತು, ಗರಡಿಗೂ ಬಿತ್ತು.
ಅಟ್ಟದ ಮ್ಯಾಲ ಮಲಗಾವಗ ನಂಬರ್ ಎಲ್ಲಿ ಬರೀತಾರ?
ಪೆನ್ನು ಹಿಡದಾಂವ ಅವನ್ನ ಏನು ಕೇಳಿದ
ಅಂತ ನಾ ಹೇಳೂದು ಬ್ಯಾಡ.

ಈಗ ನಾ ನವನಗರದ ಸೆಕ್ಟರಿನ್ಯಾಗ ಅದೀನಿ.
ಮೊನ್ನೆ ಮಗಳು ಫೋನಿನ್ಯಾಗ ಆ ಪಿಚ್ಚರ್ ಹುಡುಕಿ ಕೊಟ್ಟಳು:
"ಪೂರಾ ಐತೆಪಾ, ಕೊನಿತನಕ ಐತಿ."
ನದಿ ಬಂತು. ಹುಡುಗ ಕಾಲೆತ್ತಿದ.
ನಾ ಹೆಬ್ಬಟ್ಟು ಒತ್ತಿ ನಿಂದರಿಸೀನಿ.
ಇನ್ನಾ ಹಂಗ ನಿಂತಾನ, ಕಾಲು ನೆಲಕ್ಕ ಹಚ್ಚಿಲ್ಲ.

ಕಡೀ ಆಟದ ದಿನ ಹನ್ನೊಂದು ಮಂದಿ ಇದ್ವಿ.
ನೀರು ಅಗಸಿತನಕ ಬಂದಿತ್ತು,
ಕಪ್ಪಿ ಒದರೂದು ಟೀವಿಕಿಂತ ಜೋರು.
ಇರಬಿ ಬೆಳಕಿನ್ಯಾಗ ನಿಂತು ಯಮನೂರ ಹೇಳಿದ:
"ಹುಡುಗ ನದಿ ದಂಡಿಗೆ ಬಂದ. ಅಲ್ಲೊಬ್ಬ ಅಂಬಿಗ.
ಅಂಬಿಗ ಅವನ ಹಣಿ ಬರಿ ನೋಡಲಿಲ್ಲ, ಕತ್ತಿ ನೋಡಲಿಲ್ಲ,
ಹುಟ್ಟು ಒರಸಿಗೋತ ಒಂದ ಮಾತು ಕೇಳಿದ:
ತಮ್ಮಾ, ಈಜು ಬರತೈತೇನು?"